ಪುಸ್ತಕದೊಳಗೊಂದು ಹೆಸರು

ಮಗಳ ಪುಸ್ತಕದೊಳಗೆ ಒಬ್ಬ ಹುಡುಗನ ಹೆಸರು ಕಣ್ಣಿಗೆ ಬಿತ್ತು ಅನ್ನಿ. ತಾಯಿಯಾದವಳ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಗಮನಕ್ಕೆ ಬಾರದು. ‘ಯಾರವನು? ಯಾವ ಕ್ಲಾಸು? ಎಷ್ಟು ದಿನದಿಂದ?’ ಎಂದು ನೂರು ಪ್ರಶ್ನೆಗಳು ಗಂಟಲಿಗೆ ಬಂದು ನಿಲ್ಲುತ್ತವೆ. ಹದಿನಾಲ್ಕು ಹದಿನೈದರ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದೇನೂ ಕೇಳರಿಯದ ಸಂಗತಿಯಲ್ಲ ಬಿಡಿ.

ಈ ಸಲ ನಾನು ಹೇಳಹೊರಟಿರುವ ಸಿನಿಮಾದ ಕಥೆಗೂ ಪುಸ್ತಕದೊಳಗೆ ಕಂಡ ಒಬ್ಬ ಹುಡುಗನ ಹೆಸರೇ ಮೊದಲು. ಆದರೆ ಆ ಹೆಸರು ಕಣ್ಣಿಗೆ ಬೀಳುವುದು ತಾಯಿಗಲ್ಲ, ಮಗಳಿಗೇ.

ಸಿನಿಮಾ ಜಪಾನಿನದು. 1995ರಲ್ಲಿ ತೆರೆಗೆ ಬಂದದ್ದು. ಅಲ್ಲಿಯ ಹೆಸರಿನ ಅರ್ಥ ‘ಕಿವಿಗೊಟ್ಟು ಕೇಳಿದರೆ’ ಎಂದು. ಇಂಗ್ಲಿಷಿನಲ್ಲಿ ‘ವಿಸ್ಪರ್ ಆಫ್ ದಿ ಹಾರ್ಟ್’ ಎಂದು ಕರೆದಿದ್ದಾರೆ. ನಟನಟಿಯರಿಲ್ಲ, ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳು. ‘ಅಯ್ಯೋ, ಕಾರ್ಟೂನೇ? ಅದು ಮಕ್ಕಳಿಗಾಯಿತು’ ಎಂದು ಪುಟ ತಿರುವಬೇಡಿ! ನಾನೂ ಹಾಗೇ ಅಂದುಕೊಂಡಿದ್ದವಳೇ. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವುದು, ಬಂಡೆ ಬಿದ್ದು ಅಪ್ಪಚ್ಚಿಯಾದವನು ಮತ್ತೆ ಎದ್ದು ಓಡುವುದು, ಇಷ್ಟೇ ನನಗೆ ಗೊತ್ತಿದ್ದ ಕಾರ್ಟೂನು. ರಜೆಗೆ ಬಂದಿದ್ದ ತಂಗಿಯ ಮಗಳು, “ದೊಡ್ಡಮ್ಮ, ಹತ್ತು ನಿಮಿಷ ಕೂತುಕೊಳ್ಳಿ, ಹಿಡಿಸದಿದ್ದರೆ ಎದ್ದು ಹೋಗಿ” ಅಂದಳು. ಬಿಡಿಸುತ್ತಿದ್ದ ಅವರೆಕಾಯಿಯ ಮೊರ ತೊಡೆಯ ಮೇಲಿಟ್ಟುಕೊಂಡೇ ಕೂತೆ. ಸಿನಿಮಾ ಮುಗಿದಾಗ ಅರ್ಧ ಕಾಯಿ ಹಾಗೇ ಉಳಿದಿತ್ತು.

ನನ್ನನ್ನು ಹಿಡಿದು ಕೂರಿಸಿದ್ದು ಏನು ಗೊತ್ತೇ? ಒಂದು ಮನೆ. ಟೋಕಿಯೋ ನಗರದ ಪಶ್ಚಿಮಕ್ಕೆ ತಾಮಾ ಎಂಬ ಗುಡ್ಡಗಾಡಿನ ಸೀಮೆಯಿದೆ. ಯುದ್ಧದ ನಂತರ ಟೋಕಿಯೋಗೆ ಜನ ತುಂಬಿ ತುಳುಕಿದಾಗ, 1960ರ ದಶಕದಿಂದ ಈಚೆಗೆ, ಆ ಗುಡ್ಡಗಳನ್ನು ಕಡಿದು ಸಾಲು ಸಾಲಾಗಿ ವಠಾರದಂಥ ಕಟ್ಟಡಗಳನ್ನು ಕಟ್ಟಿದರು. ಅಂಥದೊಂದು ಕಟ್ಟಡದ ಪುಟ್ಟ ಮನೆಯಲ್ಲಿ ನಮ್ಮ ಕಥಾನಾಯಕಿ ಶಿಜುಕು ಇರುತ್ತಾಳೆ. ಹದಿನಾಲ್ಕು ವರ್ಷ. ಅಪ್ಪ ಲೈಬ್ರರಿಯಲ್ಲಿ ಕೆಲಸ ಮಾಡುವವರು. ಅಮ್ಮ ಇಬ್ಬರು ಹೆಣ್ಣುಮಕ್ಕಳು ಬೆಳೆದ ಮೇಲೆ ಮತ್ತೆ ವಿಶ್ವವಿದ್ಯಾಲಯಕ್ಕೆ ಸೇರಿ ಓದುತ್ತಿರುವವಳು! ಅಕ್ಕ ಶಿಹೋ ಕಾಲೇಜಿನ ಹುಡುಗಿ. ಅಕ್ಕತಂಗಿಯರಿಬ್ಬರಿಗೂ ಸೇರಿ ಒಂದೇ ಕೋಣೆ, ಮೇಲೊಂದು ಕೆಳಗೊಂದು ಮಂಚ.

ಆ ಮನೆಯನ್ನು ನೀವು ನೋಡಬೇಕು. ಮೇಜಿನ ಮೇಲೆ ಪುಸ್ತಕ, ಕಾಗದ, ಪಾತ್ರೆ ಎಲ್ಲ ಒಟ್ಟೊಟ್ಟಿಗೆ. ಗೋಡೆಯುದ್ದಕ್ಕೂ ತುಂಬಿ ತುಳುಕುವ ಕಪಾಟು. ಒಬ್ಬರು ಕುರ್ಚಿ ಹಿಂದಕ್ಕೆ ಸರಿಸಿದರೆ ಇನ್ನೊಬ್ಬರು ದಾಟಲು ಜಾಗವಿಲ್ಲ. ಶಿಜುಕು ರಾತ್ರಿ ಅಂಗಡಿಗೆ ಹೋಗಿ ಹಾಲಿನ ಪೊಟ್ಟಣ ತರುತ್ತಾಳೆ. ಒಂದೇ ಒಂದು ಹಾಲಿಗೆ ಮತ್ತೊಂದು ಪ್ಲಾಸ್ಟಿಕ್ ಚೀಲವೇ ಎಂದು ಅಮ್ಮನ ಗೊಣಗಾಟ. ಅವರು ಕೊಟ್ಟರಲ್ಲ, ನಾನೇನು ಮಾಡಲಿ ಎಂಬ ಧಾಟಿಯಲ್ಲಿ ಮಗಳ ಉತ್ತರ. ತಾಯಿಗೆ ಓದಿನ ಗಡಿಬಿಡಿ, ಹಾಗಾಗಿ ಮನೆಗೆಲಸವನ್ನು ಹಂಚುವ ಯಜಮಾನಿಕೆ ಅಕ್ಕನದು. ರಜಾ ದಿನ ಹೊತ್ತೇರುವವರೆಗೆ ಬಿದ್ದುಕೊಂಡಿರುವ ತಂಗಿಯನ್ನು ಕಂಡರೆ ಅವಳ ಮೈ ಉರಿಯುತ್ತದೆ. ಇದು ಯಾವ ದೇಶದ ಮನೆ ಎಂದು ಒಂದು ಗಳಿಗೆ ಮರೆತೇಹೋಯಿತು ನನಗೆ.

ಇದನ್ನು ನಿರ್ದೇಶಿಸಿದವರು ಯೋಶಿಫುಮಿ ಕೋಂಡೋ. ಜಪಾನಿನ ಹೆಸರಾಂತ ಸ್ಟುಡಿಯೋ ಘಿಬ್ಲಿ ಸಂಸ್ಥೆಯಲ್ಲಿ ಚಿತ್ರ ಬರೆಯುತ್ತಿದ್ದವರು. ಚಿತ್ರಕಥೆ ಅದೇ ಸಂಸ್ಥೆಯ ಹಯಾವೊ ಮಿಯಾಜಾಕಿ ಅವರದು. ಮೂಲಕಥೆ ಅವೋಯಿ ಹೀರಾಗಿ ಎಂಬ ಲೇಖಕಿ 1989ರಲ್ಲಿ ಹುಡುಗಿಯರ ಪತ್ರಿಕೆಯೊಂದರಲ್ಲಿ ಬರೆದ ಚಿತ್ರಕಥಾಮಾಲೆ. ಅಂದರೆ ನಮ್ಮ ನಿಮ್ಮಂಥವರು ಓದುವ ಪತ್ರಿಕೆಯ ಪುಟಗಳಿಂದಲೇ ಹುಟ್ಟಿದ ಕಥೆ ಇದು. ಕೋಂಡೋ ಅವರಿಗೆ ಬೀದಿಯಲ್ಲಿ, ರೈಲಿನಲ್ಲಿ ಕಂಡ ಸಾಮಾನ್ಯ ಜನರನ್ನು ನೋಡಿ ನೋಡಿ ಬರೆದುಕೊಳ್ಳುವ ಅಭ್ಯಾಸವಿತ್ತು. ಆ ಕಣ್ಣು ಈ ಸಿನಿಮಾದಲ್ಲಿ ಎಲ್ಲ ಕಡೆಯೂ ಕಾಣುತ್ತದೆ. ಸಿಟ್ಟು ಬಂದ ಹುಡುಗಿ ಹೇಗೆ ಕಾಲು ಅಪ್ಪಳಿಸಿ ನಡೆಯುತ್ತಾಳೆ, ನಾಚಿಕೆಯಾದ ಹುಡುಗ ಹೇಗೆ ಮುಖ ತಿರುಗಿಸುತ್ತಾನೆ, ಇವೆಲ್ಲ ಅಚ್ಚುಹೊಯ್ದ ಹಾಗಿವೆ. ಕೋಂಡೋ ಪೂರ್ತಿ ನಿರ್ದೇಶಿಸಿದ ಸಿನಿಮಾ ಇದೊಂದೇ. 1998ರ ಜನವರಿಯಲ್ಲಿ, ನಲವತ್ತೇಳನೆಯ ವಯಸ್ಸಿಗೇ ಅವರು ತೀರಿಕೊಂಡರು.

ಇನ್ನು ಕಥೆಗೆ ಬರೋಣ. ಶಿಜುಕುಗೆ ಪುಸ್ತಕದ ಹುಚ್ಚು. ಬೇಸಿಗೆ ರಜೆಯಲ್ಲಿ ಕಂತೆ ಕಂತೆ ಕಥೆ ಪುಸ್ತಕ ಓದಿ ಮುಗಿಸಬೇಕೆಂಬ ಹಠ. ಆಗಿನ್ನೂ ಲೈಬ್ರರಿ ಪುಸ್ತಕದ ಹಿಂಬದಿಯಲ್ಲಿ ಒಂದು ಕಾರ್ಡು ಇರುತ್ತಿತ್ತಲ್ಲ, ತೆಗೆದುಕೊಂಡವರ ಹೆಸರು ಒಂದರ ಕೆಳಗೊಂದು ಬರೆದದ್ದು? ನಮ್ಮ ಊರಿನ ಲೈಬ್ರರಿಗಳಲ್ಲೂ ಇತ್ತು, ನಿಮಗೆ ನೆನಪಿರಬಹುದು. ಅವಳು ತಂದ ಪುಸ್ತಕಗಳ ಕಾರ್ಡಿನಲ್ಲೆಲ್ಲ ಅವಳಿಗಿಂತ ಮೊದಲು ಒಂದೇ ಹೆಸರು: ಅಮಸಾವ ಸೇಜಿ. ಯಾರಿವನು? ಹೇಗಿರಬಹುದು? ಇಷ್ಟೆಲ್ಲ ಓದುವವನು ಎಷ್ಟು ಸೌಮ್ಯ ಸ್ವಭಾವದವನಿರಬೇಕು! ಹುಡುಗಿಯ ಮನಸ್ಸು ಹೆಸರಿಗೊಂದು ಮುಖ ಕಟ್ಟಿಕೊಳ್ಳುತ್ತದೆ.

ಅಷ್ಟರಲ್ಲಿ ನಿಜವಾದ ಒಬ್ಬ ಹುಡುಗ ಎದುರಾಗುತ್ತಾನೆ. ಅವಳು ಬೆಂಚಿನ ಮೇಲೆ ಮರೆತು ಹೋದ ಪುಸ್ತಕವನ್ನು ಹಿಡಿದುಕೊಂಡು ಕೂತಿದ್ದಾನೆ. ಅದರೊಳಗೆ ಅವಳು ಗೆಳತಿಯರನ್ನು ನಗಿಸಲು ಬರೆದ ಒಂದು ಅಣಕುಹಾಡು ಇದೆ. ‘ಕಂಟ್ರಿ ರೋಡ್ಸ್’ ಎಂಬ ಪ್ರಸಿದ್ಧ ಅಮೆರಿಕನ್ ಹಾಡನ್ನು ಶಾಲೆಯ ಗೆಳತಿಯರಿಗಾಗಿ ಜಪಾನಿ ಭಾಷೆಗೆ ತರುತ್ತಿದ್ದಳು ಶಿಜುಕು. ನಡುವೆ ತಮಾಷೆಗೆಂದು, ತಮ್ಮೂರಿನ ಗುಡ್ಡಗಳೆಲ್ಲ ಸಿಮೆಂಟಿನಡಿ ಹೂತುಹೋದ ಬಗೆಗೂ ಒಂದು ಹಾಡು ಕಟ್ಟಿದ್ದಳು. ಆ ಹುಡುಗ ಅದನ್ನು ಓದಿಬಿಟ್ಟು, ಈ ಸಿಮೆಂಟಿನ ಹಾಡನ್ನು ಕೈಬಿಡುವುದೇ ಒಳ್ಳೆಯದು ಎಂದು ಬಾಯಿಗೆ ಬಂದಂತೆ ಹೇಳಿ ಹೋಗುತ್ತಾನೆ. ಅವಳಿಗೆ ಎಲ್ಲಿಲ್ಲದ ಸಿಟ್ಟು. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಮನೆಗೆ ಬರುತ್ತಾಳೆ. ಇವನೇ ಸೇಜಿ ಎಂದು ನೋಡುವ ನಮಗೆ ಬೇಗ ಹೊಳೆಯುತ್ತದೆ, ಅವಳಿಗೆ ಮಾತ್ರ ತಡವಾಗಿ.

ನನಗೆ ಹಿಡಿಸಿದ್ದು ಇದು. ಕನಸಿನ ಹುಡುಗ ಬೇರೆ, ಎದುರಿಗೆ ನಿಂತವನು ಬೇರೆ. ಕನಸಿನವನು ಮೃದು ಮಾತಿನವನು, ನಿಜದವನು ಅಧಿಕಪ್ರಸಂಗಿ. ಆದರೂ ನಿಜದವನೇ ಮೆಲ್ಲಮೆಲ್ಲಗೆ ಮನಸ್ಸಿಗೆ ಹತ್ತಿರವಾಗುತ್ತಾನೆ. ಅವನಲ್ಲಿ ಕೋಪ ಬರಿಸುವ ಗುಣವೂ ಇದೆ, ಗೌರವ ಬರಿಸುವ ಗುಣವೂ ಇದೆ. ನಾವೆಲ್ಲ ಕಂಡಿರುವ ಗಂಡುಮಕ್ಕಳು ಹೀಗೇ ಅಲ್ಲವೇ?

ಒಂದು ದಿನ ಅಪ್ಪನಿಗೆ ಬುತ್ತಿ ಕೊಡಲು ರೈಲು ಹತ್ತಿದ ಶಿಜುಕುವಿನ ಪಕ್ಕದಲ್ಲಿ ಒಂದು ದಢೂತಿ ಬೆಕ್ಕು ಬಂದು ಕೂರುತ್ತದೆ, ಟಿಕೆಟ್ಟು ತೆಗೆದ ಪ್ರಯಾಣಿಕನ ಹಾಗೆ! ಅದರ ಹಿಂದೆಯೇ ಗುಡ್ಡ ಹತ್ತಿ ಹೋದರೆ ಹಳೆಯ ಸಾಮಾನುಗಳ ಒಂದು ಅಂಗಡಿ. ಅಲ್ಲಿ ನಿಶಿ ಎಂಬ ಅಜ್ಜ, ಗಡಿಯಾರ ರಿಪೇರಿ ಮಾಡುತ್ತಾ ಕೂತಿರುತ್ತಾರೆ. ಕೋಟು ತೊಟ್ಟ ಬೆಕ್ಕಿನ ಒಂದು ಬೊಂಬೆ, ಅದಕ್ಕೆ ‘ಬ್ಯಾರನ್’ ಎಂದು ಹೆಸರು. ನಿಶಿ ಅಜ್ಜನ ಮೊಮ್ಮಗನೇ ಸೇಜಿ. ಅಂಗಡಿಯ ಕೆಳಗಿನ ಕಾರ್ಖಾನೆಯಲ್ಲಿ ಅವನು ಪಿಟೀಲು ಮಾಡುವುದನ್ನು ಕಲಿಯುತ್ತಿದ್ದಾನೆ. ನುಡಿಸುವುದನ್ನಲ್ಲ, ಮಾಡುವುದನ್ನು! ಮರ ಕೆತ್ತಿ, ಉಜ್ಜಿ, ಅಂಟಿಸಿ, ಬಣ್ಣ ಹಾಕಿ. ಇಟಲಿಯ ಕ್ರೆಮೋನಾ ಪಟ್ಟಣ ಪಿಟೀಲು ತಯಾರಿಕೆಗೆ ಶತಮಾನಗಳಿಂದ ಹೆಸರುವಾಸಿ. ಸ್ಟ್ರಾಡಿವಾರಿ ಎಂಬ ಮಹಾ ಕುಶಲಕರ್ಮಿ ಇದ್ದದ್ದು ಅಲ್ಲಿಯೇ. ಅಲ್ಲಿಗೆ ಹೋಗಿ ಕಲಿಯಬೇಕೆಂಬುದು ಹುಡುಗನ ಆಸೆ. ಮನೆಯಲ್ಲಿ ವಿರೋಧವಿದೆ. ಮೂಲಕಥೆಯಲ್ಲಿ ಅವನಿಗೆ ಚಿತ್ರ ಬರೆಯುವ ಹವ್ಯಾಸ. ಅದನ್ನು ಸಿನಿಮಾಕ್ಕಾಗಿ ಪಿಟೀಲಿನ ಕೆಲಸಕ್ಕೆ ಬದಲಾಯಿಸಿದ್ದು ಬಹಳ ಒಳ್ಳೆಯದಾಯಿತು ಎನಿಸುತ್ತದೆ ನನಗೆ. ಕೈಯಲ್ಲಿ ಉಳಿ ಹಿಡಿದ ಹುಡುಗನ ಆಸೆ ಗಾಳಿಮಾತಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ.

ಒಂದು ಸಂಜೆ ಅದೇ ಕಾರ್ಖಾನೆಯಲ್ಲಿ ಅವನು ಪಿಟೀಲು ಹಿಡಿಯುತ್ತಾನೆ, ಹಾಡಲು ಅವಳನ್ನು ಒತ್ತಾಯಿಸುತ್ತಾನೆ. ಮೊದಮೊದಲು ಸಂಕೋಚದಿಂದ, ಆಮೇಲೆ ಗಂಟಲು ಬಿಟ್ಟು ಅವಳು ತಾನು ಬರೆದ ಹಾಡನ್ನೇ ಹಾಡುತ್ತಾಳೆ. ಅಷ್ಟರಲ್ಲಿ ಅಜ್ಜ ಮತ್ತು ಅವರ ಇಬ್ಬರು ಗೆಳೆಯರು ಬಂದು ತಮ್ಮ ತಮ್ಮ ವಾದ್ಯ ಕೈಗೆತ್ತಿಕೊಳ್ಳುತ್ತಾರೆ. ಮುದುಕರೂ ಮಕ್ಕಳೂ ಕೂಡಿ ಮಾಡಿದ ಆ ಪುಟ್ಟ ಕಛೇರಿಯನ್ನು ನಾನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಮುಟ್ಟಿದ್ದಿಲ್ಲ, ಕೈಹಿಡಿದದ್ದಿಲ್ಲ, ಆದರೂ ಪ್ರೀತಿ ಅಲ್ಲಿ ಹುಟ್ಟಿತು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಸಿನಿಮಾಕ್ಕಾಗಿ ಆ ಹಾಡಿನ ಜಪಾನಿ ರೂಪವನ್ನು ಬರೆದುಕೊಟ್ಟದ್ದು ನಿರ್ಮಾಪಕರ ಮಗಳಂತೆ. ಅದಕ್ಕೇ ಇರಬೇಕು, ಪಂಡಿತರ ಕೈ ತಾಗದ ಹರೆಯದ ಹುಡುಗಿಯ ಮಾತಿನಂತೆಯೇ ಕೇಳುತ್ತದೆ.

ಪಕ್ಕದಲ್ಲೇ ಇನ್ನೊಂದು ಸಣ್ಣ ಕಥೆ ನಡೆಯುತ್ತದೆ. ಶಿಜುಕುವಿನ ಗೆಳತಿ ಯೂಕೋಗೆ ಸುಗಿಮುರಾ ಎಂಬ ಸಹಪಾಠಿಯ ಮೇಲೆ ಮನಸ್ಸು. ಆ ಪೆದ್ದ, ತನ್ನ ಗೆಳೆಯನೊಬ್ಬನ ಪತ್ರಕ್ಕೆ ಉತ್ತರ ಕೊಡು ಎಂದು ಯೂಕೋಳನ್ನೇ ಕೇಳುತ್ತಾನೆ! ಅವಳು ಅತ್ತುಕೊಂಡು ಓಡಿಹೋಗುತ್ತಾಳೆ. ‘ನೀನೆಷ್ಟು ಮಂದಬುದ್ಧಿಯವನು’ ಎಂದು ಶಿಜುಕು ಅವನನ್ನು ತರಾಟೆಗೆ ತೆಗೆದುಕೊಂಡರೆ, ಅವನು ತನಗೆ ಇಷ್ಟವಾದವಳು ನೀನೇ ಎಂದುಬಿಡುತ್ತಾನೆ. ಶಿಜುಕು ತಬ್ಬಿಬ್ಬು. ಆದರೂ ಆಸೆ ತೋರಿಸಿ ಆಟವಾಡಿಸುವುದಿಲ್ಲ. ನಾವು ಸ್ನೇಹಿತರು, ಅಷ್ಟೇ ಎಂದು ಹೇಳುತ್ತಾಳೆ. ಅವನೂ ಮತ್ತೆ ಪೀಡಿಸುವುದಿಲ್ಲ, ಮುಖ ಸಣ್ಣ ಮಾಡಿಕೊಂಡು ಹೊರಟುಹೋಗುತ್ತಾನೆ. ಮನೆಗೆ ಬಂದು ಅವಳು, ಮಂದಬುದ್ಧಿ ಅವನದಲ್ಲ ನನ್ನದೇ ಎಂದು ಒದ್ದಾಡುತ್ತಾಳೆ. ನಾಯಕಿಯ ಬೆನ್ನುಹತ್ತಿ, ಬೇಡ ಅಂದರೂ ಬಿಡದೆ ಒಲಿಸಿಕೊಳ್ಳುವುದನ್ನೇ ಪ್ರೇಮ ಎಂದು ತೋರಿಸುವ ಸಿನಿಮಾಗಳನ್ನು ಕಂಡು ಬೇಸತ್ತ ನನಗೆ ಈ ಒಂದು ದೃಶ್ಯ ತಣ್ಣಗಿನ ನೀರು ಕುಡಿದಂತಾಯಿತು. ಬೇಡ ಎಂದದ್ದನ್ನು ಬೇಡ ಎಂದೇ ತಿಳಿಯುವ ಹುಡುಗ! ನಮ್ಮ ಮನೆಯ ಗಂಡುಮಕ್ಕಳಿಗೂ ಇದನ್ನೊಮ್ಮೆ ತೋರಿಸಬೇಕು.

ಕಥೆಯ ಗಂಟು ಇರುವುದು ಮುಂದೆ. ಶಾಲೆಯ ಮಹಡಿಯ ಮೇಲೆ, ಮಳೆ ನಿಲ್ಲುವ ಹೊತ್ತಿಗೆ, ಸೇಜಿ ಒಂದು ಸುದ್ದಿ ಹೇಳುತ್ತಾನೆ. ಎರಡು ತಿಂಗಳು ಕ್ರೆಮೋನಾಗೆ ಹೋಗಿ ಕಲಿಯಲು ಮನೆಯವರು ಒಪ್ಪಿದ್ದಾರೆ. ತನಗೆ ನಿಜವಾಗಿ ಯೋಗ್ಯತೆ ಇದೆಯೇ ಎಂದು ಅಲ್ಲಿಯ ಗುರುಗಳು ನೋಡಿ ಹೇಳುತ್ತಾರೆ. ಇನ್ನೊಂದು ಗುಟ್ಟನ್ನೂ ಬಿಡುತ್ತಾನೆ. ಲೈಬ್ರರಿಯಲ್ಲಿ ಅವನು ಎಂದೋ ಅವಳನ್ನು ಗುರುತಿಸಿದ್ದ. ಅವಳ ಹೆಸರಿಗಿಂತ ಮೊದಲು ಕಾರ್ಡಿನಲ್ಲಿ ತನ್ನ ಹೆಸರು ಬರಲಿ ಎಂದೇ ಅಷ್ಟೊಂದು ಪುಸ್ತಕ ಓದಿದ್ದ!

ಬೇರೆ ಸಿನಿಮಾ ಆಗಿದ್ದರೆ ಇಲ್ಲಿ ಹುಡುಗಿ ವಿರಹದಲ್ಲಿ ಕಿಟಕಿಯ ಬಳಿ ಕೂತು ಹಾಡುತ್ತಿದ್ದಳು. ಶಿಜುಕು ಹಾಗೆ ಮಾಡುವುದಿಲ್ಲ. ಅವಳನ್ನು ಕಾಡುವ ಸಂಕಟವೇ ಬೇರೆ. ‘ಅವನಿಗೆ ತಾನೇನು ಮಾಡಬೇಕೆಂದು ಗೊತ್ತಿದೆ. ನನಗೆ ಏನು ಗೊತ್ತು? ನಾನು ಯಾರು?’ ಎಂದು. ಒಬ್ಬರನ್ನು ಪ್ರೀತಿಸುವಾಗ ಅವರೆದುರು ತಾನು ಬರಿಗೈಯಲ್ಲಿ ನಿಂತಂತೆ ಅನಿಸುವುದಿದೆ ನೋಡಿ, ಅದನ್ನು ಇಷ್ಟು ನಿಜವಾಗಿ ತೋರಿಸಿದ ಸಿನಿಮಾ ನಾನು ಹೆಚ್ಚು ಕಂಡಿಲ್ಲ. ಅವಳು ನಿಶ್ಚಯಿಸುತ್ತಾಳೆ, ಅವನು ಬರುವುದರೊಳಗೆ ತಾನೂ ಒಂದು ಕಥೆ ಬರೆದು ಮುಗಿಸಬೇಕು. ಬ್ಯಾರನ್ ಬೊಂಬೆಯ ಕಥೆ. ಅಪ್ಪಣೆ ಕೇಳಲು ಹೋದಾಗ ನಿಶಿ ಅಜ್ಜ ಒಂದೇ ಷರತ್ತು ಹಾಕುತ್ತಾರೆ, ಮೊದಲ ಓದುಗ ತಾನೇ ಆಗಬೇಕೆಂದು. ಆಮೇಲೆ ಒಂದು ಒರಟು ಕಲ್ಲನ್ನು ಅವಳ ಕೈಗಿಡುತ್ತಾರೆ. ಅದರ ಬಿರುಕಿನೊಳಗೆ ಹಸಿರು ಹರಳು. ನೀವಿಬ್ಬರೂ ಈ ಕಲ್ಲಿನ ಹಾಗೆ, ಒಳಗಿನದನ್ನು ಹುಡುಕಿ ತೆಗೆದು ಉಜ್ಜಬೇಕು, ಅದಕ್ಕೆ ಬಹಳ ಕಾಲ ಬೇಕು ಎನ್ನುತ್ತಾರೆ.

ಅಲ್ಲಿಂದ ಹುಡುಗಿ ಹಗಲೂ ರಾತ್ರಿ ಬರೆಯುತ್ತಾಳೆ. ಕ್ಲಾಸಿನಲ್ಲಿ ಪಾಠ ತಲೆಗೆ ಹೋಗುವುದಿಲ್ಲ. ಊಟಕ್ಕೆ ಕರೆದರೆ ಬರುವುದಿಲ್ಲ. ಜಪಾನಿನಲ್ಲಿ ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣ ಮುಗಿದ ಮೇಲೆ ಪ್ರೌಢಶಾಲೆಗೆ ಸೇರಲು ಪ್ರವೇಶ ಪರೀಕ್ಷೆ ಇರುತ್ತದೆ. ಶಿಜುಕು ಇರುವುದು ಆ ಕೊನೆಯ ವರ್ಷದಲ್ಲಿ. ನಮ್ಮ ಎಸ್.ಎಸ್.ಎಲ್.ಸಿ. ವರ್ಷದ ಆತಂಕವನ್ನು ನೆನೆಸಿಕೊಂಡರೆ ಅರ್ಥವಾದೀತು. ಪರೀಕ್ಷೆಯಲ್ಲಿ ಅವಳು ಒಂದೇ ಸಲಕ್ಕೆ ನೂರು ಸ್ಥಾನ ಕೆಳಗಿಳಿಯುತ್ತಾಳೆ!

ಅಕ್ಕ ಶಿಹೋ ಕೆಂಡವಾಗುತ್ತಾಳೆ. ಹೀಗಾದರೆ ಯಾವ ಶಾಲೆಯೂ ಸೇರಿಸಿಕೊಳ್ಳದು ಎಂದರೆ, ತಂಗಿ ‘ನಾನು ಪ್ರೌಢಶಾಲೆಗೇ ಹೋಗುವುದಿಲ್ಲ’ ಎಂದುಬಿಡುತ್ತಾಳೆ. ನಿಜ ಹೇಳಲೇ? ಆ ಹೊತ್ತಿನಲ್ಲಿ ನಾನು ಅಕ್ಕನ ಪಕ್ಷ. ಪಕ್ಕದಲ್ಲಿ ಕೂತ ಹುಡುಗಿ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ‘ಇನ್ನೇನು ಅಪ್ಪ ನಾಲ್ಕು ಬಾರಿಸುತ್ತಾರೆ, ಇಲ್ಲವೇ ಬರೆದದ್ದನ್ನು ಹರಿದು ಹಾಕುತ್ತಾರೆ’ ಅಂದುಕೊಂಡೆ.

ಅಪ್ಪ ಇಬ್ಬರನ್ನೂ ಮೇಜಿನ ಬಳಿ ಕರೆಯುತ್ತಾರೆ. ಅಮ್ಮನೂ ಬರುತ್ತಾಳೆ. ಏನು ಮಾಡುತ್ತಿದ್ದೀಯೆಂದು ಹೇಳಬಹುದೇ ಎಂದು ಕೇಳುತ್ತಾರೆ. ಈಗ ಹೇಳಲಾರೆ ಎನ್ನುತ್ತಾಳೆ ಮಗಳು. ಪರೀಕ್ಷೆಗಿಂತ ಮುಖ್ಯವಾದದ್ದೇ ಎಂದರೆ ತಲೆ ತಗ್ಗಿಸಿ ಕೂರುತ್ತಾಳೆ, ಹಿಂದೆಗೆಯುವುದಿಲ್ಲ. ಅಪ್ಪ ಸ್ವಲ್ಪ ಯೋಚಿಸಿ, ನಿನ್ನ ಮನಸ್ಸು ನಂಬಿದಂತೆ ಮಾಡಿ ನೋಡು ಎನ್ನುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಎಲ್ಲರೂ ನಡೆಯುವ ದಾರಿ ಬಿಟ್ಟು ನಡೆಯುವವರಿಗೆ ಅದರದೇ ಕಷ್ಟವಿರುತ್ತದೆ, ಏನಾದರೂ ಆಮೇಲೆ ಬೇರೆಯವರ ಮೇಲೆ ತಪ್ಪು ಹೊರಿಸುವಂತಿಲ್ಲ ಎಂದೂ ಎಚ್ಚರಿಸುತ್ತಾರೆ. ತನಗೂ ಇಂಥ ಹುಚ್ಚು ಒಂದೆರಡು ಸಲ ಹಿಡಿದದ್ದುಂಟು ಎಂದು ಅಮ್ಮ ಒಪ್ಪಿಕೊಳ್ಳುತ್ತಾಳೆ. ಕೊನೆಗೆ ಅವಳು ಕೇಳುವುದು ಒಂದೇ: ರಾತ್ರಿ ಊಟಕ್ಕೆ ಮಾತ್ರ ತಪ್ಪದೆ ಬಾ, ನಾವೆಲ್ಲ ಒಂದು ಮನೆಯವರಲ್ಲವೇ ಎಂದು.

ಈ ಮಾತು ಬಂದಾಗ ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ತಾಯಿಯಾದವಳು ಮಾತ್ರ ಆಡಬಲ್ಲ ಮಾತದು. ಮಗಳ ದಾರಿಗೆ ಅಡ್ಡ ನಿಲ್ಲಲಿಲ್ಲ, ಆದರೆ ಕೈಯನ್ನೂ ಬಿಡಲಿಲ್ಲ.

ಈ ತಂದೆತಾಯಿ ಮಾಡಿದ್ದು ಸರಿಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅವರು ಅನುಮತಿ ಕೊಟ್ಟದ್ದರಿಂದ ಅಂಕವೇನೂ ಮೇಲೇರಲಿಲ್ಲ. ಪರೀಕ್ಷೆಯ ವರ್ಷ ನೂರು ಸ್ಥಾನ ಇಳಿಯುವುದು ಸಣ್ಣ ಮಾತಲ್ಲ, ಎಲ್ಲ ಮನೆಗೂ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅಕ್ಕನ ಮಾತಿನಲ್ಲಿ ಸತ್ಯವಿಲ್ಲವೆಂದು ಸಿನಿಮಾ ಎಲ್ಲೂ ಹೇಳುವುದಿಲ್ಲ. ತಂಗಿಯ ಮೇಲಿನ ಕಾಳಜಿಯಿಂದಲೇ ಅವಳು ಬೈದದ್ದು. ಆದರೆ ಅಪ್ಪ ಅಮ್ಮ ಒಂದನ್ನು ಕಂಡುಕೊಂಡಿದ್ದರು. ಹುಡುಗಿ ಸೋಮಾರಿಯಾಗಿ ಹಿಂದೆ ಬಿದ್ದಿಲ್ಲ, ಯಾವುದೋ ಒಂದು ಕೆಲಸಕ್ಕೆ ಜೀವ ತೇಯುತ್ತಿದ್ದಾಳೆ ಎಂದು. ಅಷ್ಟನ್ನು ಕಾಣಬೇಕಾದರೆ ಮಗಳನ್ನು ದಿನವೂ ಗಮನಿಸಿರಬೇಕು.

ಕಥೆ ಮುಗಿಯುತ್ತದೆ. ಶಿಜುಕು ಅಜ್ಜನ ಕೈಗೆ ಹಾಳೆಗಳನ್ನು ಕೊಟ್ಟು, ಈಗಲೇ ಓದಿ ಎಂದು ಹೇಳಿ, ಹೊರಗೆ ಚಳಿಯಲ್ಲಿ ಕಾಯುತ್ತಾ ಕೂರುತ್ತಾಳೆ. ಕತ್ತಲಾಗುತ್ತದೆ. ಅಜ್ಜ ಬಂದು ಚೆನ್ನಾಗಿದೆ ಎನ್ನುತ್ತಾರೆ. ಅವಳು ಒಪ್ಪುವುದಿಲ್ಲ, ಸುಳ್ಳು ಬೇಡ, ನಿಜ ಹೇಳಿ ಎನ್ನುತ್ತಾಳೆ. ಒರಟಾಗಿದೆ, ನೇರವಾಗಿದೆ, ಇನ್ನೂ ಪೂರ್ತಿಯಾಗಿಲ್ಲ, ಸೇಜಿ ಮಾಡಿದ ಪಿಟೀಲಿನ ಹಾಗೆಯೇ ಎಂದು ಅಜ್ಜ ಹೇಳಿದಾಗ ಅವಳ ಅಳು ಒತ್ತರಿಸಿ ಬರುತ್ತದೆ. ಬರೀ ಬರೆಯುವ ಆಸೆಯಿದ್ದರೆ ಸಾಲದು, ಇನ್ನೂ ಕಲಿಯಬೇಕೆಂದು ಬರೆಯುತ್ತಾ ಬರೆಯುತ್ತಾ ತಿಳಿಯಿತು ಎಂದು ಬಿಕ್ಕುತ್ತಾಳೆ. ಅಜ್ಜ ಉಪದೇಶ ಮಾಡುವುದಿಲ್ಲ. ಒಳಗೆ ಕರೆದು, ಬಿಸಿಬಿಸಿ ಊಟಕ್ಕೆ ಕೂರಿಸುತ್ತಾರೆ. ಉದೋನ್ ಎಂದು ಗೋಧಿ ಹಿಟ್ಟಿನ ದಪ್ಪ ಶಾವಿಗೆ, ಪಾತ್ರೆಯಲ್ಲೇ ಕುದಿಸಿ ಸಾರಿನೊಂದಿಗೆ ಹಬೆಯಾಡುವಂತೆ ಬಡಿಸುತ್ತಾರೆ. ಅತ್ತು ದಣಿದ ಮಗುವಿಗೆ ಮೊದಲು ಹೊಟ್ಟೆಗೆ ಹಾಕಬೇಕು, ಮಾತು ಆಮೇಲೆ. ಅದನ್ನು ಬಲ್ಲ ಗಂಡಸು ಆ ಅಜ್ಜ!

ಮನೆಗೆ ಬಂದ ಶಿಜುಕು ಅಮ್ಮನಿಗೆ ಹೇಳುತ್ತಾಳೆ, ಸದ್ಯಕ್ಕೆ ಮತ್ತೆ ಪರೀಕ್ಷೆಗೆ ಓದುವ ಹುಡುಗಿಯಾಗುತ್ತೇನೆ ಎಂದು. ಯಾರೂ ಹೊಡೆಯಲಿಲ್ಲ, ಯಾರೂ ಕೂಡಿ ಹಾಕಲಿಲ್ಲ. ತನ್ನ ಅಳತೆ ತಾನೇ ತಿಳಿದು ತಾನಾಗಿ ಹಿಂದಿರುಗಿದಳು.

ಕೊನೆಯ ದೃಶ್ಯದಲ್ಲಿ ಬೆಳಗಿನ ಜಾವ ಸೇಜಿ ಸೈಕಲ್ಲಿನಲ್ಲಿ ಬಂದು ಅವಳ ಮನೆಯ ಕೆಳಗೆ ನಿಂತಿರುತ್ತಾನೆ. ಸೂರ್ಯೋದಯ ತೋರಿಸಲು ಅವಳನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ಏರು ಹತ್ತುತ್ತಾನೆ. ನಿನ್ನನ್ನು ಕೂರಿಸಿಕೊಂಡೇ ಹತ್ತುತ್ತೇನೆಂದು ಅವನ ಪಣ. ಅವಳು ಧುಮುಕಿ ಇಳಿದು ಹಿಂದಿನಿಂದ ಸೈಕಲ್ಲನ್ನು ತಳ್ಳುತ್ತಾಳೆ. ನಾನು ಹೊರೆಯಾಗಿ ಕೂರುವವಳಲ್ಲ, ನನ್ನಿಂದಲೂ ಸಹಾಯವಾಗಬೇಕು ಎನ್ನುತ್ತಾಳೆ. ಇಡೀ ಸಿನಿಮಾದ ತಿರುಳು ನನಗೆ ಆ ಒಂದು ಏರಿನಲ್ಲಿ ಕಂಡಿತು. ಇಪ್ಪತ್ತು ಮೂವತ್ತು ವರ್ಷ ಸಂಸಾರ ತಳ್ಳಿದ ನಮಗೆ ಆ ಏರಿನ ಅರ್ಥ ಬಿಡಿಸಿ ಹೇಳಬೇಕೇ?

ಮೇಲೆ ಹೋಗಿ, ಸೂರ್ಯ ಹುಟ್ಟುವ ಹೊತ್ತಿಗೆ ಆ ಹುಡುಗ ಮುಂದೆ ಎಂದಾದರೂ ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ, ಅವಳು ಹೂಂ ಎನ್ನುತ್ತಾಳೆ. ನನಗೆ ನಗು ಬಂತು. ಹದಿನಾಲ್ಕು ಹದಿನೈದು ವಯಸ್ಸಿನ ಮಾತು! ಅವನು ಶಾಲೆ ಮುಗಿಸಿ ಮತ್ತೆ ಇಟಲಿಗೆ ಹೋಗುವವನು, ಅವಳ ಮುಂದೆ ಓದಿದೆ. ಏನಾಯಿತೆಂದು ಸಿನಿಮಾ ಹೇಳದೆ ಅಲ್ಲಿಗೇ ನಿಲ್ಲಿಸುತ್ತದೆ. 2022ರಲ್ಲಿ ನಟನಟಿಯರನ್ನಿಟ್ಟು ತೆಗೆದ ಬೇರೊಂದು ಸಿನಿಮಾದಲ್ಲಿ ಹತ್ತು ವರ್ಷದ ನಂತರದ ಕಥೆ ಕಟ್ಟಿದ್ದಾರೆ. ನನಗೇನೋ ಆ ಗುಡ್ಡದ ಮೇಲಿನ ಬೆಳಗೇ ಸಾಕೆನಿಸುತ್ತದೆ. ಮಾತು ಉಳಿಯಲಿ ಬಿಡಲಿ, ಹುಡುಗಿಗೆ ತಾನು ಯಾರೆಂಬುದು ಅಷ್ಟಿಷ್ಟು ತಿಳಿಯಿತಲ್ಲ, ಅದು ಅವಳದೇ ಗಳಿಕೆ. ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಈ ಸಂಸ್ಥೆಯ ಸಿನಿಮಾಗಳು 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ಮೇಲೆ ನಮ್ಮ ಮನೆಗಳಿಗೂ ಮುಟ್ಟಿದವು. ಒಂದು ಮುಕ್ಕಾಲು ತಾಸಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಜಪಾನಿ ಮಾತು ತಿಳಿಯದಿದ್ದರೂ ಮುಖಗಳು ಎಲ್ಲವನ್ನೂ ಹೇಳುತ್ತವೆ. ಸಾಧ್ಯವಾದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಡುವೆ ನೀತಿಪಾಠ ಮಾತ್ರ ಬೇಡಿ!

ಇನ್ನು ಮೊದಲಿನ ಮಾತಿಗೆ ಬರುತ್ತೇನೆ. ಮಗಳ ಪುಸ್ತಕದೊಳಗೆ ಹೆಸರು ಕಂಡ ದಿನ ಏನು ಮಾಡಬೇಕು? ‘ಯಾರವನು?’ ಎಂದು ಕೇಳುವುದು ತಪ್ಪಲ್ಲ, ಕೇಳಲೇಬೇಕಾದ ಸಂದರ್ಭಗಳೂ ಇವೆ. ಆದರೆ ಅದಕ್ಕೆ ಮೊದಲು ನಾಲ್ಕು ದಿನ ಮಗಳನ್ನೇ ಗಮನಿಸಿ ಅಂತ ನನ್ನ ಸಲಹೆ. ಆ ಹೆಸರು ಬಂದ ಮೇಲೆ ಅವಳು ಕುಗ್ಗುತ್ತಿದ್ದಾಳೆಯೇ, ಬೆಳೆಯುತ್ತಿದ್ದಾಳೆಯೇ? ಗೆಳತಿಯರನ್ನು, ಹಾಡನ್ನು, ಆಟವನ್ನು ಬಿಟ್ಟು ಮೂಲೆ ಸೇರಿದರೆ, ಹೆದರಿದಂತಿದ್ದರೆ, ಅದು ನಾವು ತಕ್ಷಣ ಹತ್ತಿರ ಹೋಗಬೇಕಾದ ಸಮಯ. ಇಲ್ಲ, ಹೊಸದಾಗಿ ಏನನ್ನೋ ಕಲಿಯುವ, ಬರೆಯುವ, ಮಾಡುವ ಹುರುಪು ಬಂದಿದ್ದರೆ, ಸ್ವಲ್ಪ ತಾಳ್ಮೆ ತೋರಿಸಬಹುದು. ಎರಡರಲ್ಲಿ ಯಾವುದೇ ಆದರೂ ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುವುದನ್ನು ಬಿಡಬೇಡಿ. ಶಿಜುಕುವಿನ ಅಮ್ಮ ಹೇಳಿದ್ದೂ ಅಷ್ಟೇ ತಾನೇ?

ಅಂದ ಹಾಗೆ, ಉಳಿದ ಅವರೆಕಾಯಿಯನ್ನು ತಂಗಿಯ ಮಗಳೇ ಕೂತು ಬಿಡಿಸಿದಳು. ಬಿಡಿಸುತ್ತಾ ಬಿಡಿಸುತ್ತಾ, ನಾನು ಕೇಳದೆಯೇ, ತನ್ನ ಕ್ಲಾಸಿನ ಕಥೆಗಳನ್ನೆಲ್ಲ ಹೇಳುತ್ತಾ ಹೋದಳು. ನಾನು ‘ಹೂಂ, ಆಮೇಲೆ?’ ಎನ್ನುತ್ತಾ ಕಿವಿಗೊಟ್ಟು ಕೂತಿದ್ದೆ.